ಸ್ಮಾಲ್ ಬ್ಲಾಕ್ ಶೆವ್ರೊಲೆ: ಆಯಿಲ್ ಪಿಕಪ್ ಅನ್ನು ಸರಿಯಾಗಿ ಕೂರಿಸುವುದು

ತಿರುವಿನಲ್ಲಿ ಆಯಿಲ್ ಗೇಜಿನ ಮುಳ್ಳು ಕುಸಿದರೆ ಹೆಚ್ಚಿನವರು ಮೊದಲು ಕೊಳ್ಳುವುದು ದೊಡ್ಡ ಪಂಪನ್ನು. ಆ ಹಣ ಉಳಿಸಿ. ಪಂಪ್ ಎಷ್ಟೇ ಜೋರಾಗಿ ಹೊರಕ್ಕೆ ತಳ್ಳಲಿ, ಅದರೊಳಕ್ಕೆ ಆಯಿಲ್ ನುಗ್ಗಿಸುವುದು ಸಂಪಿನ (ಎಂಜಿನ್ ತಳದ ಆಯಿಲ್ ಪ್ಯಾನಿನ) ಮೇಲಿನ ಗಾಳಿಯ ಒತ್ತಡ ಮಾತ್ರ, ಹೆಚ್ಚೆಂದರೆ 1 ಬಾರ್. ಪಿಕಪ್, ಅಂದರೆ ಸಂಪಿನಿಂದ ಪಂಪಿಗೆ ಆಯಿಲ್ ಎಳೆಯುವ, ತುದಿಯಲ್ಲಿ ಜಾಲರಿಯ ಬಟ್ಟಲಿರುವ ಪೈಪ್, ಗಾಳಿ ಕುಡಿಯುತ್ತಿದ್ದರೆ ದೊಡ್ಡ ಪಂಪ್ ಆ ಗಾಳಿಯನ್ನೇ ಇನ್ನೂ ಬೇಗ ಬೇರಿಂಗಿಗೆ ತಲುಪಿಸುತ್ತದೆ.

ಇಲ್ಲಿನ ಅಳತೆಗಳು ಶೆವ್ರೊಲೆಯ 350 ಘನ ಇಂಚಿನ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿಗೆ ಮತ್ತು ಅದಕ್ಕೆ ಉದ್ದ ಸ್ಟ್ರೋಕಿನ ಕ್ರ್ಯಾಂಕ್ ಹಾಕಿ ಕಟ್ಟುವ 383 ಸ್ಟ್ರೋಕರ್‌ಗೆ. ಇವುಗಳಲ್ಲಿ ಪಂಪ್ ಹಿಂದಿನ ಮೇನ್ ಕ್ಯಾಪಿಗೆ (ಕ್ರ್ಯಾಂಕಿನ ಹಿಂಬದಿ ಬೇರಿಂಗನ್ನು ಹಿಡಿಯುವ ಕ್ಯಾಪ್) ಒಂದೇ ಬೋಲ್ಟಿನಲ್ಲಿ ನಿಲ್ಲುತ್ತದೆ. ಪಿಕಪ್ ಪೈಪ್ ಪಂಪಿನ ಕವರಿನ ತೂತಿಗೆ ಬಿಗಿಯಾಗಿ ಹೊಡೆದು ಕೂರಿಸಿದ್ದು, ಅಷ್ಟೇ. ತೊಂದರೆಯ ಬೇರು ಅಲ್ಲೇ ಇದೆ: ಅದುರಿ ಅದುರಿ ಪೈಪ್ ಸಡಿಲವಾಗುತ್ತದೆ, ಗಾಳಿ ಎಳೆಯುತ್ತದೆ ಅಥವಾ ಕಳಚಿ ಸಂಪಿಗೆ ಬೀಳುತ್ತದೆ.

ಪೈಪ್ ಕೂರಿಸುವಾಗ ಜಾಲರಿಯ ಬಟ್ಟಲಿಗೆ ಸುತ್ತಿಗೆ ತಾಗಿಸಬೇಡಿ. ಪೈಪಿನ ಉಬ್ಬು ಅಂಚಿಗೆ ಕೂರುವ ಕವೆಯಾಕಾರದ ಟೂಲ್ ಸಿಗುತ್ತದೆ, ಅದರ ಮೇಲೇ ಹೊಡೆಯಿರಿ. ಹಳೆಯ ಪಿಕಪ್ಪನ್ನು ಎರಡನೇ ಸಲ ಬಳಸಿದರೆ ಹಿಡಿತ ಸಿಗುವುದಿಲ್ಲ.

ಈಗ ಅಂತರ. ಜಾಲರಿಯ ತಳಕ್ಕೂ ಪ್ಯಾನಿನ ನೆಲಕ್ಕೂ ನಡುವೆ 6.4ರಿಂದ 9.5 ಮಿ.ಮೀ. ಇರಬೇಕು (ಕಾಲು ಇಂಚಿನಿಂದ ಮೂರು ಎಂಟಾಂಶ ಇಂಚು). ಲೆಕ್ಕ ಹಾಕಿ ನೋಡಿ: 60 ಮಿ.ಮೀ. ವ್ಯಾಸದ ಬಟ್ಟಲಿನ ಸುತ್ತಳತೆ 188 ಮಿ.ಮೀ. ಅಂತರ 6 ಮಿ.ಮೀ. ಇದ್ದರೆ ಆಯಿಲಿಗೆ ಸುಮಾರು 1130 ಚದರ ಮಿ.ಮೀ. ದಾರಿ, ಮುಕ್ಕಾಲು ಇಂಚಿನ ಪೈಪಿನ ಬಾಯಿಯ ನಾಲ್ಕು ಪಟ್ಟು. ಅದೇ 1.5 ಮಿ.ಮೀ.ಗೆ ಇಳಿದರೆ ಎರಡೂ ಸಮ. ತಣ್ಣಗಿನ ದಪ್ಪ ಆಯಿಲ್ ಅಷ್ಟು ಸಂದಿಯಲ್ಲಿ ನುಸುಳಲು ಒದ್ದಾಡುತ್ತದೆ. ಅಂತರ ಹೆಚ್ಚಾದರೆ ಬ್ರೇಕ್ ಒತ್ತಿದ ಕ್ಷಣದಲ್ಲೇ ಜಾಲರಿ ಬರಿದಾಗುತ್ತದೆ.

ಅಳೆಯಲು ಆಟಿಕೆಯ ಜೇಡಿಮಣ್ಣಿಗಿಂತ (ಮಾಡೆಲಿಂಗ್ ಕ್ಲೇ) ನಂಬಿಕೆಯ ಸಾಧನ ಬೇರೆ ಬೇಡ. ಪಂಪನ್ನು ಅದರ ಬೋಲ್ಟಿನಿಂದ 88 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಎಂಜಿನ್ ತಲೆಕೆಳಗಾಗಿರುವಾಗಲೇ ಜಾಲರಿಯ ಮೇಲೆ ಅರ್ಧ ಇಂಚು ದಪ್ಪದ ಮಣ್ಣಿನ ಉಂಡೆ ಇಟ್ಟು, ನಿಜವಾಗಿ ಬಳಸುವ ಗ್ಯಾಸ್ಕೆಟ್ಟನ್ನೇ ಹಾಕಿ ಪ್ಯಾನ್ ಮುಚ್ಚಿ, ನಾಲ್ಕಾರು ಬೋಲ್ಟ್ ಬಿಗಿದು ಬಿಚ್ಚಿ. ಒತ್ತಿಹೋದ ಮಣ್ಣನ್ನು ಬ್ಲೇಡಿನಿಂದ ಕೊಯ್ದು ಕ್ಯಾಲಿಪರ್‌ನಲ್ಲಿ ಅಳೆಯಿರಿ, ಬಟ್ಟಲಿನ ಎರಡು ಅಂಚುಗಳಲ್ಲೂ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಎಂದರೆ ಪಿಕಪ್ ಓರೆಯಾಗಿದೆ. ಗ್ಯಾಸ್ಕೆಟ್ ಇಲ್ಲದೆ ಅಳೆದ ಅಂಕಿ ಯಾವ ಕೆಲಸಕ್ಕೂ ಬಾರದು. 383 ಆದರೆ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ಕೈಯಲ್ಲಿ ತಿರುಗಿಸಿ. ಅದರ ತೂಕದ ಭಾಗ ಪಂಪಿಗಾಗಲಿ ಪೈಪಿಗಾಗಲಿ 1.5 ಮಿ.ಮೀ.ಗಿಂತ ಹತ್ತಿರ ಬರಕೂಡದು.

ಅಳತೆ ಕೂಡಿಬಂದ ಮೇಲೆ ಪೈಪಿಗೂ ಕವರಿಗೂ ಅಡ್ಡಲಾಗಿ ಗೀರು ಹಾಕಿ, ಪಂಪ್ ಬಿಚ್ಚಿ, ಹಿತ್ತಾಳೆ ಬೆಸುಗೆ ಹಾಕಿಸಿ. ಅದಕ್ಕೂ ಮೊದಲು ಕವರಿನಿಂದ ಒತ್ತಡ ಬಿಡುವ ವಾಲ್ವ್ ಮತ್ತು ಸ್ಪ್ರಿಂಗ್ ತೆಗೆಯಲೇಬೇಕು. ಬಿಸಿಗೆ ಸ್ಪ್ರಿಂಗ್ ಬಿಗಿ ಕಳೆದುಕೊಂಡರೆ ಹೊಸ ಎಂಜಿನ್ನಿನಲ್ಲೂ ಒತ್ತಡ ಏರುವುದಿಲ್ಲ, ಕಾರಣ ಹುಡುಕುತ್ತಾ ದಿನಗಟ್ಟಲೆ ಹೋಗುತ್ತದೆ. ಬೆಸುಗೆ ಆರಿದ ಮೇಲೆ ಕವರಿನ ಮುಖ ಸೊಟ್ಟಗಾಗಿಲ್ಲವೇ ಎಂದು ಗಾಜಿನ ಮೇಲಿಟ್ಟು ನೋಡಿ, ಜಾಲರಿಯೊಳಗಿನ ಕಿಟ್ಟವನ್ನೆಲ್ಲ ತೊಳೆಯಿರಿ. ಪಂಪ್ ಮತ್ತು ಡಿಸ್ಟ್ರಿಬ್ಯೂಟರ್ ನಡುವಿನ ಶಾಫ್ಟಿನ ನೈಲಾನ್ ಸ್ಲೀವ್ (ಜೋಡಿಸುವ ಕೊಳವೆ) ಬಿಟ್ಟು ಉಕ್ಕಿನದನ್ನು ಹಾಕಿ.

ಟ್ರ್ಯಾಕಿಗೆ ಇಳಿಯುವ ಕಾರಿಗೆ ಇಷ್ಟು ಸಾಲದು. 1 ಜಿ (ಗುರುತ್ವದಷ್ಟೇ ಅಡ್ಡಬಲದ) ತಿರುವಿನಲ್ಲಿ ಆಯಿಲಿನ ಮೇಲ್ಮೈ 45 ಡಿಗ್ರಿ ವಾಲಿ ಪ್ಯಾನಿನ ಒಂದು ಗೋಡೆಗೆ ಏರಿ ನಿಲ್ಲುತ್ತದೆ. ಪಿಕಪ್ ಸುತ್ತ ತಗಡಿನ ಪೆಟ್ಟಿಗೆ ಕಟ್ಟಿ, ಗೋಡೆಗಳಿಗೆ ಒಳಮುಖವಾಗಿ ಮಾತ್ರ ತೆರೆಯುವ ಕೀಲುಬಾಗಿಲು ಇಡಿ. ಬೆಸುಗೆ ಮಾಡಿದ ಪ್ಯಾನಿನ ನೆಲ ಉಬ್ಬುವುದುಂಟು, ಹಾಗಾಗಿ ಮಣ್ಣಿನ ಪರೀಕ್ಷೆ ಮತ್ತೆ ಮೊದಲಿನಿಂದ.

ಎಂಜಿನ್ ಶುರು ಮಾಡುವ ಮುನ್ನ ಡಿಸ್ಟ್ರಿಬ್ಯೂಟರ್ ತೆಗೆದು, ಪ್ರೈಮಿಂಗ್ ಶಾಫ್ಟನ್ನು ಡ್ರಿಲ್ಲಿಗೆ ಸಿಕ್ಕಿಸಿ ಪಂಪನ್ನು ಪ್ರದಕ್ಷಿಣವಾಗಿ ತಿರುಗಿಸಿ. ವಾಲ್ವ್‌ಗಳನ್ನು ತೆರೆಯುವ ಎಲ್ಲ ರಾಕರ್‌ಗಳಿಂದ ಆಯಿಲ್ ಬರುವವರೆಗೆ ನಿಲ್ಲಿಸಬೇಡಿ. ನಡುನಡುವೆ ಕ್ರ್ಯಾಂಕ್ ಸ್ವಲ್ಪ ತಿರುಗಿಸಿಕೊಡಿ. ಓಡಿಸುವಾಗ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಎಂಬುದು ಹಳೆಯ, ನಡೆಯುವ ಲೆಕ್ಕ. ಮೊದಲ ಓಟದ ನಂತರ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿ. ತಾಮ್ರ ಬಣ್ಣದ ಚೂರು ಕಂಡರೆ ಬೇರಿಂಗ್ ಸವೆದಿದೆ, ಪ್ಯಾನ್ ಇಳಿಸಿ.