ಬೆಲ್ಲ, ಉಪ್ಪು ಮತ್ತು ತುಂಗೆಯ ದಡದ ರಸ್ತೆ

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಅದಕ್ಕಿಂತ ಉದ್ದದ ಯಾವ ಓಟವಾದರೂ ಅಲ್ಟ್ರಾ ಮ್ಯಾರಥಾನ್ ಎನಿಸಿಕೊಳ್ಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1921ರಲ್ಲಿ ಆರಂಭವಾದ ಕಾಮ್ರೇಡ್ಸ್ ಓಟ ಹೆಚ್ಚುಕಡಿಮೆ 90 ಕಿ.ಮೀ. ಇರುತ್ತದೆ. ನಾನು ಆರಿಸಿಕೊಂಡದ್ದು ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ನೋಡುತ್ತ ಬಂದ ರಸ್ತೆಯನ್ನು: ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಹಾದು ತೀರ್ಥಹಳ್ಳಿ. ಅರವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಇದು ಸ್ಪರ್ಧೆಯಾಗಿರಲಿಲ್ಲ. ಓಡುವವನು ನಾನೊಬ್ಬ, ಸ್ಕೂಟರಿನಲ್ಲಿ ಊಟ-ನೀರು ಹೊತ್ತು ಹಿಂದೆ ಬರುವವರು ನನ್ನ ಭಾವ.

ಮಲೆನಾಡಿನಲ್ಲಿ ಯಾವಾಗ, ಎಲ್ಲಿ ಓಡಬೇಕು ಎಂಬುದನ್ನು ಕಾಲಮಾನ ನೋಡಿಯೇ ನಿರ್ಧರಿಸಬೇಕಾಗುತ್ತದೆ. ಮಳೆಗಾಲದಲ್ಲಿ ಕಾಡುದಾರಿಗೆ ಇಳಿದರೆ ಇಂಬಳ, ಅಂದರೆ ಜಿಗಣೆ, ಹತ್ತುತ್ತದೆ. ಕಾಲಿಗೆ ಸುಣ್ಣವನ್ನೋ ನಶ್ಯವನ್ನೋ ಹಚ್ಚಿಕೊಂಡರೆ ಅದರ ಕಾಟ ಸಹಿಸಬಹುದು, ಸ್ವಲ್ಪ ರಕ್ತ ಹೋಗುತ್ತದೆ ಅಷ್ಟೆ. ಬೇಸಿಗೆಯ ಮಾತೇ ಬೇರೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅದನ್ನು ಹರಡುವ ಉಣುಗುಗಳು ತರಗೆಲೆಯ ನಡುವೆ ಚುರುಕಾಗಿರುತ್ತವೆ. ಮಂಗ ಸತ್ತ ಸುದ್ದಿ ಬಂದ ಕಾಡಿನತ್ತ ನಾನು ತಲೆ ಹಾಕುವುದಿಲ್ಲ. ಕಾಡಂಚಿನ ದಾರಿಯಲ್ಲಿ ಹೋಗಲೇಬೇಕಾದರೆ ಉದ್ದ ಕಾಲುಚೀಲ ಹಾಕಿ, ಉಣುಗು ಹತ್ತದಂತೆ ತಡೆಯುವ ಡೇಪಾ ತೈಲ ಹಚ್ಚಿಕೊಂಡು ಹೋಗುತ್ತೇನೆ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡುತ್ತೇನೆ. ಓಟದ ಹುಮ್ಮಸ್ಸಿನಲ್ಲಿ ಇದನ್ನು ಕಡೆಗಣಿಸುವ ಹೊರಊರಿನ ಗೆಳೆಯರನ್ನು ಕಂಡರೆ ನನಗೆ ನಿಜವಾಗಿಯೂ ಆತಂಕವಾಗುತ್ತದೆ.

ಹಾಗಾಗಿ ಅಭ್ಯಾಸ ಮಳೆಯಲ್ಲೇ ಆಯಿತು, ಬಹುಪಾಲು ಡಾಂಬರು ರಸ್ತೆಯಲ್ಲಿ. ಶನಿವಾರ ದೀರ್ಘ ಓಟ, ಭಾನುವಾರ ಅದೇ ದಣಿದ ಕಾಲಿನಲ್ಲಿ ಇನ್ನೊಂದು ಓಟ. ಅರವತ್ತು ಕಿಲೋಮೀಟರನ್ನು ಅಭ್ಯಾಸದಲ್ಲೇ ಒಮ್ಮೆ ಓಡಿ ನೋಡುವ ಅಗತ್ಯವಿಲ್ಲ. ದಣಿದ ಕಾಲಿನಿಂದ ಹೊರಡುವುದು ರೂಢಿಯಾದರೆ ಸಾಕು. ಏರು-ಇಳಿಜಾರಿಗೆ ಕುಂದಾದ್ರಿಯ ರಸ್ತೆ ಸಿಕ್ಕಿತು. ಅಲ್ಲಿ ಏರನ್ನು ಬಿರುಸಾಗಿ ನಡೆದು, ಇಳಿಜಾರನ್ನು ಮಾತ್ರ ಓಡಿದೆ. ತೊಡೆಯ ಮುಂಭಾಗದ ಸ್ನಾಯುಗಳು ಹೆಚ್ಚು ಜಖಂ ಆಗುವುದು ಇಳಿಯುವಾಗಲೇ, ಏಕೆಂದರೆ ಅವು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಆ ಪೆಟ್ಟನ್ನು ಮೊದಲೇ ಸ್ವಲ್ಪ ಸ್ವಲ್ಪವಾಗಿ ತಿಂದ ಕಾಲು ಓಟದ ದಿನ ತಾಳುತ್ತದೆ. ಮಳೆಗಾಲದಲ್ಲಿ ಶೂ ಒಣಗುವುದಿಲ್ಲವಾದ್ದರಿಂದ ಎರಡು ಜೊತೆ ಇಟ್ಟುಕೊಂಡಿದ್ದೆ. ಒಂದು ಕಾಲಿನಲ್ಲಿರುವಾಗ ಇನ್ನೊಂದರೊಳಗೆ ಹಳೆಯ ಪತ್ರಿಕೆ ತುರುಕಿ ಬಚ್ಚಲೊಲೆಯ ಹತ್ತಿರ ಇಡುತ್ತಿದ್ದೆ. ದೂರದ ಓಟದಲ್ಲಿ ಪಾದ ಊದಿಕೊಳ್ಳುವುದರಿಂದ ಶೂ ಅರ್ಧ ಅಳತೆ ದೊಡ್ಡದೇ ಇರಬೇಕು.

ಇನ್ನು ಹೊಟ್ಟೆಯ ವಿಷಯ. ಅಲ್ಟ್ರಾ ಓಟವನ್ನು ಗೆಲ್ಲಿಸುವುದೂ ಕೆಡಿಸುವುದೂ ಅದೇ ಎಂಬುದು ನನ್ನ ಗಟ್ಟಿ ನಂಬಿಕೆ. ಓಡುವಾಗ ಪ್ರತಿ ಕಿಲೋಮೀಟರಿಗೆ, ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚಾಗುತ್ತದೆ. ನನ್ನಂಥ 62 ಕಿಲೋ ತೂಕದವನಿಗೆ ಈ ದಾರಿ 3,700 ಕ್ಯಾಲೊರಿಗೂ ಹೆಚ್ಚು ಕೇಳುತ್ತದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುವುದು ಹತ್ತಿರಹತ್ತಿರ 2,000. ಉಳಿದದ್ದರಲ್ಲಿ ಒಂದಷ್ಟನ್ನು ಕೊಬ್ಬು ಕೊಡುತ್ತದೆ, ಆದರೆ ನಿಧಾನವಾಗಿ. ಅದಕ್ಕೇ ಗಂಟೆಗೆ 40ರಿಂದ 50 ಗ್ರಾಂ ಪಿಷ್ಟ-ಸಕ್ಕರೆ ಒಳಗೆ ಹೋಗುತ್ತಲೇ ಇರಬೇಕು, ಅದೂ ಹಸಿವಾಗುವ ಮೊದಲೇ.

ನನ್ನ ಡಬ್ಬಿಯಲ್ಲಿದ್ದದ್ದು ಬೆಲ್ಲದ ಉಂಡೆ, ಶೇಂಗಾ ಚಿಕ್ಕಿ, ಏಲಕ್ಕಿ ಬಾಳೆ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಫ್ಲಾಸ್ಕಿನಲ್ಲಿ ತೆಳು ಗಂಜಿ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ. ಬೆಲ್ಲದ ಸಕ್ಕರೆ ಕರುಳಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅವೆರಡನ್ನೂ ಕರುಳು ಬೇರೆ ಬೇರೆ ಮಾರ್ಗದಲ್ಲಿ ಹೀರಿಕೊಳ್ಳುವುದರಿಂದ ಹೊಟ್ಟೆ ಭಾರವಾಗುವುದು ಕಡಿಮೆ. ಓಟಗಾರರಿಗೆಂದು ಅಂಗಡಿಯಲ್ಲಿ ಸಿಗುವ ದುಬಾರಿ ಸಕ್ಕರೆ ಜೆಲ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಅಪ್ಪೆಮಿಡಿ ಉಪ್ಪಿಗಾಗಿ, ಜೊತೆಗೆ ಸಿಹಿ ತಿಂದು ಜಡ್ಡುಗಟ್ಟಿದ ನಾಲಿಗೆಗೆ ಜೀವ ಬರಲಿ ಎಂದು. ನೀರಿನ ಬಾಟಲಿಗಳಲ್ಲಿ ಒಂದರಲ್ಲಿ ಬರಿ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿರುವುದು ಹೆಚ್ಚಾಗಿ ಪೊಟ್ಯಾಸಿಯಂ. ಬೆವರಿನಲ್ಲಿ ಹೋಗುವ ಸೋಡಿಯಂ ಅದರಿಂದ ತುಂಬಿಬರುವುದಿಲ್ಲ. ಬಾಯಾರಿಕೆ ಇಲ್ಲದೆಯೂ ಬರಿ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ಗೊಂದಲ, ಕೆಲವೊಮ್ಮೆ ಪ್ರಾಣಾಪಾಯವೂ ಉಂಟಾಗುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಓಟದ ನಡುವೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬೇಡವೇ ಬೇಡ. ನೀರು ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ.

ನವೆಂಬರಿನ ಒಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಟೆವು. ಹಣೆಗೆ ದೀಪ, ಮೈಮೇಲೆ ಹೊಳೆಯುವ ಜಾಕೆಟ್. ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಟ. ಕತ್ತಲೆಯ ಭಾಗ ಜನವಸತಿ ಇರುವಲ್ಲೇ ಮುಗಿಯಬೇಕು, ಕಾಡಿನ ಭಾಗಕ್ಕೆ ಬೆಳಕಾಗಿರಬೇಕು ಎಂದು ಲೆಕ್ಕ ಹಾಕಿದ್ದೆವು. ಸಕ್ರೆಬೈಲು ಮುಟ್ಟಿದಾಗ ಹಿನ್ನೀರಿನ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರು ಬಿಡಾರಕ್ಕೆ ಕರೆತರುವ ಹೊತ್ತು ಅದು. ಅಲ್ಲಿಂದ ಮುಂದೆ ರಸ್ತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಶಿವಮೊಗ್ಗಕ್ಕೂ ತೀರ್ಥಹಳ್ಳಿಗೂ ಎತ್ತರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ ಎಂಬ ನಕ್ಷೆಯ ಮಾತು ಕಾಲಿಗೆ ಉಪಯೋಗಕ್ಕೆ ಬಾರದು. ಪ್ರತಿ ಏರಿನಲ್ಲೂ ನಡೆದೆ. ಮೈಯಲ್ಲಿ ಕಸುವಿರುವಾಗಲೇ ನಡೆಯುವುದಕ್ಕೆ ಸಂಯಮ ಬೇಕು. ಅಲ್ಟ್ರಾದಲ್ಲಿ ನಾನು ಅಭ್ಯಾಸ ಮಾಡಿದ್ದರಲ್ಲಿ ಅತಿ ಕಷ್ಟದ್ದು ಅದೇ.

ಮಂಡಗದ್ದೆಯ ನಡುಗಡ್ಡೆಯಲ್ಲಿ ಮಳೆಗಾಲದ ಹಕ್ಕಿಗಳ ಗದ್ದಲ ಮುಗಿದಿತ್ತು. ಅಲ್ಲಿ ಕಾಲುಚೀಲ ಬದಲಾಯಿಸಿ, ಬೆರಳುಗಳ ಸಂದಿಗೆ ವ್ಯಾಸಲೀನ್ ಹಚ್ಚಿ, ಗಂಜಿ ಕುಡಿದು ಹೊರಟೆ. ಮುಂದೆ ಅಡಿಕೆ ಕೊಯ್ಲಿನ ಕಾಲ ಮೂಗಿಗೇ ಹತ್ತುತ್ತಿತ್ತು. ಅಂಗಳಗಳಲ್ಲಿ ಅಡಿಕೆ ಬೇಯುವ ಹಂಡೆ, ಗಾಳಿಯಲ್ಲಿ ಚೊಗರಿನ ವಾಸನೆ. ರಸ್ತೆಬದಿಯ ಒಂದು ಮನೆಯ ಅಜ್ಜಿ ತಡೆದು ನಿಲ್ಲಿಸಿ ಮಜ್ಜಿಗೆ ತಂದರು. ಕುಳಿತರೆ ಏಳುವುದು ಕಷ್ಟ ಎಂದೆ. "ಹಾಗಾದರೆ ನಿಂತೇ ಕುಡಿ ಮಗನೇ, ಉಪ್ಪು ಇನ್ನೊಂದು ಚಿಟಿಕೆ ಹಾಕುತ್ತೇನೆ" ಎಂದರು.

ಬೆಜ್ಜವಳ್ಳಿ ಕಳೆದ ಮೇಲೆ ಬಂತು ಆ ಘಟ್ಟ. ಬಿಸಿಲೇರಿತ್ತು, ಬೆವರು ಆರುತ್ತಿರಲಿಲ್ಲ. ಕಾಲಿನ ನೋವು ಅಷ್ಟೇನೂ ಹೆಚ್ಚಿರಲಿಲ್ಲ, ಆದರೆ ಮನಸ್ಸು ಕುಸಿಯಿತು. ಈ ಓಟಕ್ಕೆ ಅರ್ಥವೇ ಇಲ್ಲ, ಯಾರಿಗೆ ಬೇಕು ಇದು ಎಂಬ ಯೋಚನೆ ಎಷ್ಟು ಸತ್ಯವೆನಿಸಿತೆಂದರೆ, ಅದನ್ನು ಇಷ್ಟು ದಿನ ಕಾಣದೆ ಇದ್ದದ್ದೇ ಆಶ್ಚರ್ಯ ಎನಿಸಿತು. "ಭಾವ, ಸಾಕು. ಬಸ್ಸು ಹತ್ತುತ್ತೇನೆ" ಎಂದೆ. ಇಂಥ ಗಳಿಗೆ ಬರುತ್ತದೆಂದು ಇಬ್ಬರೂ ಮೊದಲೇ ಒಂದು ಕರಾರು ಮಾಡಿಕೊಂಡಿದ್ದೆವು. ಅವರು ಡಬ್ಬಿ ತೆರೆದರು. "ಮೊದಲು ಬೆಲ್ಲ ಬಾಯಿಗೆ ಹಾಕು. ಹದಿನೈದು ನಿಮಿಷ ನಡೆ. ಬಸ್ಸಿನ ಮಾತು ಆಮೇಲೆ."

ಎರಡು ಉಂಡೆ ಬೆಲ್ಲ, ಆಲೂಗಡ್ಡೆ, ಅರ್ಧ ಬಾಟಲಿ ಓಆರ್‌ಎಸ್ ಮುಗಿಸಿ ನಡೆದೆ. ಹದಿನೈದು ನಿಮಿಷ ಆಗುವಷ್ಟರಲ್ಲಿ ನಾನು ಓಡುತ್ತಿದ್ದೆ; ಹತಾಶೆ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದರೆ ಮಿದುಳು ದೇಹವನ್ನು ನಿಲ್ಲಿಸಲು ಕಾರಣ ಹುಡುಕುತ್ತದೆ. ಅಂದಿನಿಂದ ಓಟದ ನಡುವೆ ಬರುವ ಬೇಸರವನ್ನು ನಾನು ತಿಂದು ನೋಡದೆ ನಂಬುವುದಿಲ್ಲ. ಎದೆನೋವು, ತಲೆ ಗಿರಕಿ, ಕೋಲಾ ಬಣ್ಣದ ಮೂತ್ರ ಇವಾದರೆ ಬೇರೆ ಮಾತು. ಅಲ್ಲಿ ಕರಾರು ನಡೆಯುವುದಿಲ್ಲ, ಓಟ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಕೊನೆಯ ಗಂಟೆಯಲ್ಲಿ ಸಿಕ್ಕಿದ್ದನ್ನು ಪ್ರತಿಫಲ ಎನ್ನುವುದಾದರೆ, ಅದು ಈ ರಸ್ತೆಯೇ. ಗದ್ದೆ ಎಲ್ಲಿ ಮುಗಿದು ತೋಟ ಶುರುವಾಗುತ್ತದೆ, ನೆರಳು ಎಲ್ಲಿ ದಟ್ಟವಾಗುತ್ತದೆ, ತುಂಗೆ ಎಲ್ಲಿ ಹತ್ತಿರ ಬಂದು ಎಲ್ಲಿ ಮರೆಯಾಗುತ್ತಾಳೆ ಎಂಬುದೆಲ್ಲ ಈಗ ಕಾಲಿಗೆ ಗೊತ್ತು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ತೀರ್ಥಹಳ್ಳಿ ತಲುಪಿ, ನದಿಯಲ್ಲಿ ಮೊಣಕಾಲಿನವರೆಗೆ ಇಳಿದು ನಿಂತೆ. ಸಂತೋಷಕ್ಕೆ ಗಟ್ಟಿಯಾಗಿ ನಕ್ಕೆ.

ಎರಡನೆಯ ದಿನ ತೊಡೆ ನೋವು ಅತಿ ಹೆಚ್ಚಿತ್ತು. ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯಬೇಕಾಯಿತು. ಒಂದು ವಾರ ಓಡಲಿಲ್ಲ, ಬರಿ ನಡೆದೆ. ಈಗ ತೀರ್ಥಹಳ್ಳಿಯಿಂದ ಆಗುಂಬೆಯವರೆಗಿನ ಮೂವತ್ತು ಚಿಲ್ಲರೆ ಕಿಲೋಮೀಟರನ್ನೂ ಸೇರಿಸಿ ಒಂದೇ ಓಟದಲ್ಲಿ ಮುಗಿಸುವ ತಯಾರಿ ನಡೆದಿದೆ. ಮುಂದಿನ ದೀಪಾವಳಿ ಕಳೆದು ಮಳೆ ಪೂರ್ತಿ ಹೊಳವಾದ ಮೇಲೆ ಹೊರಡುವುದು. ಸ್ಕೂಟರ್ ಸಾಲದು, ಜೀಪು ಗೊತ್ತು ಮಾಡಬೇಕು ಎಂದು ಭಾವ ಹೇಳಿದ್ದಾರೆ. ಬೆಲ್ಲವೂ ಎರಡು ಕಿಲೋ ಬೇಕಂತೆ.