ಡಿಮೆನ್ಷಿಯಾ ಇರುವವರ ಬಾಯಿ: ಒಬ್ಬ ಹಲ್ಲಿನ ಡಾಕ್ಟರ ಅನುಭವ

"ಡಾಕ್ಟ್ರೇ, ಅಮ್ಮ ಎರಡು ದಿನದಿಂದ ಗಂಜಿ ಮುಟ್ಟುವುದಿಲ್ಲ. ರಾತ್ರಿ ಇಡೀ ಬೊಬ್ಬೆ. ಮರೆವು ಜಾಸ್ತಿ ಆಯ್ತಾ ಅಂತ." ಇಂಥ ಫೋನ್ ಬಂದಾಗ ನಾನು ಕೇಳುವುದು ಒಂದೇ: ಯಾರಾದರೂ ಬಾಯಿಗೆ ಟಾರ್ಚ್ ಹಾಕಿ ನೋಡಿದ್ದೀರಾ? ಹೆಚ್ಚಾಗಿ ನೋಡಿರುವುದಿಲ್ಲ. ಬಿಪಿ ನೋಡಿರುತ್ತಾರೆ, ಶುಗರ್ ನೋಡಿರುತ್ತಾರೆ, ಕೆಲವು ಕಡೆ ನಿದ್ದೆ ಮಾತ್ರೆಯೂ ಶುರುವಾಗಿರುತ್ತದೆ. ಹಲ್ಲಿನ ಬೇರಿನಲ್ಲಿ ಕೀವು ಕಟ್ಟಿದ್ದು, ಕಟ್ಟಿಸಿದ ಹಲ್ಲಿನ ಸೆಟ್ಟಿನ ಅಂಚು ಒಸಡು ಕೊರೆದದ್ದು ಹಾಗೇ ಉಳಿದಿರುತ್ತದೆ. ನೋಯುತ್ತದೆ ಅಂತ ಹೇಳಲು ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರುವವರಿಗೆ ಮಾತು ಸಿಗುವುದಿಲ್ಲ. ಊಟ ತಳ್ಳುತ್ತಾರೆ, ತುಟಿ ಎಳೆಯುತ್ತಾರೆ, ಕೆನ್ನೆ ಉಜ್ಜಿಕೊಳ್ಳುತ್ತಾರೆ, ಸೆಟ್ ಹಾಕಲು ಹೋದರೆ ಹೊಡೆಯುತ್ತಾರೆ.

ನನ್ನ ಕ್ಲಿನಿಕ್ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಕೇರಳದಲ್ಲಿ 2008ರಲ್ಲಿ ಪಾಲಿಯೇಟಿವ್ ನೀತಿ (ಗುಣವಾಗದ ಕಾಯಿಲೆಯವರ ನೋವು ಇಳಿಸುವ ಆರೈಕೆಯ ನೀತಿ) ಬಂದ ಮೇಲೆ ಪಂಚಾಯತಿನ ನರ್ಸುಗಳು ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ಬಿಡುವಿದ್ದಾಗ ನಾನೂ ಅವರ ಜೀಪು ಹತ್ತುತ್ತೇನೆ. ಪೆರ್ಲ, ನೀರ್ಚಾಲು, ಮುಳ್ಳೇರಿಯದ ಕಡೆ ಗುಡ್ಡ ಹತ್ತಿ ಇಳಿದು ಒಂದು ಮನೆಗೆ ತಲುಪುವುದೇ ಒಂದು ಕೆಲಸ. ಅಂಥ ಮನೆಯ ಅಜ್ಜನನ್ನು ಕ್ಲಿನಿಕ್ಕಿನ ಕುರ್ಚಿಗೆ ತರುವುದು ಅದಕ್ಕಿಂತ ದೊಡ್ಡ ಕೆಲಸ. ಅದಕ್ಕೇ ನಾವೇ ಹೋಗುವುದು.

ಹಲ್ಲುಜ್ಜಿಸುವುದು ಹೇಗೆ ಅಂತ ಕೇಳಿದರೆ ನನಗೆ ಒಬ್ಬ ಅಜ್ಜ ನೆನಪಾಗುತ್ತಾರೆ. ತೋಟ ನೋಡಿಕೊಂಡೇ ಬದುಕಿದವರು. ಮಂಚದ ಮೇಲೆ ಕೂರಿಸಿ ಬ್ರಷ್ ತೋರಿಸಿದರೆ ಸಾಕು, ತುಟಿ ಬಿಗಿದು ಮುಖ ತಿರುಗಿಸುತ್ತಿದ್ದರು. ಸೊಸೆ ಸೋತಿದ್ದರು. ನಾನು ಅಜ್ಜಿಯ ಹತ್ತಿರ ಕೇಳಿದೆ, ಇವರು ಮೊದಲು ಎಲ್ಲಿ ಹಲ್ಲುಜ್ಜುತ್ತಿದ್ದರು? "ಬಾವಿಕಟ್ಟೆಯ ಹತ್ತಿರ, ಮಾವಿನ ಎಲೆಯಲ್ಲಿ" ಅಂದರು ಅಜ್ಜಿ. ಹಾಗಾದರೆ ಅಲ್ಲಿಗೇ ಹೋಗುವಾ ಅಂದೆ.

ಹೆಗಲಿಗೆ ಬೈರಾಸು ಹಾಕಿದೆವು, ಪಕ್ಕದಲ್ಲಿ ಚೊಂಬು ನೀರು ಇಟ್ಟೆವು, ಕೈಗೆ ಹಣ್ಣಾದ ಮಾವಿನ ಎಲೆ ಕೊಟ್ಟೆವು. ಅಜ್ಜ ಎಲೆಯನ್ನು ಒಂದು ಸಲ ತಿರುಗಿಸಿ ನೋಡಿದರು. ತುದಿ ಚಿವುಟಿದರು. ನಡುವಿನ ನರವನ್ನು ಉಗುರಿನಲ್ಲಿ ಸೀಳಿ ತೆಗೆದು, ಎಲೆಯನ್ನು ತೋರುಬೆರಳಿಗೆ ಸುತ್ತಿ, ಬಾಯಿ ಅಗಲ ಮಾಡಿ ಉಜ್ಜಿಕೊಳ್ಳಲು ಶುರುಮಾಡಿದರು. ಹೆಂಡತಿಯ ಹೆಸರು ನೆನಪಿಲ್ಲದ ಮನುಷ್ಯ! ಬಾಯಿ ತೆರೆದಿತ್ತಲ್ವಾ, ಅಜ್ಜಿ ಪೇಸ್ಟ್ ಹಚ್ಚಿದ ಬ್ರಷ್ ಕೈಗಿಟ್ಟರು. ಅಜ್ಜ ಅದನ್ನೂ ತಗೊಂಡರು. ಹಿಂದಿನ ದವಡೆ ಹಲ್ಲುಗಳನ್ನು ನಾನು ಮುಗಿಸಿದೆ.

ಮಾವಿನ ಎಲೆಯಿಂದ ಹಲ್ಲು ಪೂರ್ತಿ ಚೊಕ್ಕವಾಗುವುದಿಲ್ಲ. ಅದರಲ್ಲಿ ಹುಳುಕು ತಡೆಯುವ ಫ್ಲೋರೈಡೂ ಇಲ್ಲ. ಆದರೆ ಬ್ರಷ್‌ಗೆ ದಾರಿ ಮಾಡಿಕೊಟ್ಟದ್ದು ಅದು. ಅಂದಿನಿಂದ ಯಾವ ಮನೆಗೆ ಹೋದರೂ ನಾನು ಹಳೆಯ ಅಭ್ಯಾಸ ಕೇಳುತ್ತೇನೆ. ನಿಂತು ಉಜ್ಜುತ್ತಿದ್ದರಾ, ಕುಕ್ಕರುಗಾಲಲ್ಲಾ? ಚಾಯ ಮೊದಲಾ, ಹಲ್ಲು ಮೊದಲಾ? ಉಮಿಕರಿಯಾ, ನಂಜನಗೂಡು ಹಲ್ಲುಪುಡಿಯಾ? ತಲೆ ಮರೆತದ್ದನ್ನು ಕೈ ಇನ್ನೂ ಮರೆತಿರುವುದಿಲ್ಲ. ಆ ಕ್ರಮ ತಪ್ಪಿಸದೆ ಬ್ರಷ್ಷನ್ನು ಅದರೊಳಗೆ ತೂರಿಸುವುದೇ ನಮ್ಮ ಕೆಲಸ.

ಬಾವಿಕಟ್ಟೆ ಇಲ್ಲದ ಕಡೆ, ಅಥವಾ ಎದ್ದು ಕೂರಲಾಗದವರಿಗೆ, ಬೇರೆ ಉಪಾಯ ಬೇಕು. ಅಮೆರಿಕದ ನರ್ಸಿಂಗ್ ಸಂಶೋಧಕಿ ರೀಟಾ ಜಬ್ಲಾನ್‌ಸ್ಕಿ ಇದರ ಮೇಲೆಯೇ ಕೆಲಸ ಮಾಡಿದವರು. ಬಾಯಿಗೆ ಏನೋ ತೂರಿಸಲು ಬರುತ್ತಿದ್ದಾರೆ ಅನ್ನುವ ಹೆದರಿಕೆಯಿಂದಲೇ ಇವರು ಎದುರು ಬೀಳುತ್ತಾರೆ, ಆ ಹೆದರಿಕೆ ಇಳಿಸಿ ಅನ್ನುತ್ತಾರೆ ಅವರು. ನನ್ನ ಅನುಭವವೂ ಅದೇ. ಎದುರು ನಿಂತು ಬಾಗಬೇಡಿ, ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ನೀವೂ ಒಂದು ಬ್ರಷ್ ಹಿಡಿದು ಉಜ್ಜಿ ತೋರಿಸಿ. ಬ್ರಷ್ಷನ್ನು ಅವರ ಕೈಗೇ ಕೊಟ್ಟು, ಮೇಲೆ ನಿಮ್ಮ ಕೈ ಇಡಿ. ಇನ್ನೊಂದು ಕೈಗೆ ಬಟ್ಟೆಯೋ ಇನ್ನೊಂದು ಬ್ರಷ್ಷೋ ಹಿಡಿಸಿ. ಮಗುವಿಗೆ ಮಾತಾಡಿದಂತೆ ರಾಗ ಎಳೆಯಬೇಡಿ, ಹಿರಿಯರಿಗೆ ಅದು ಗೊತ್ತಾಗುತ್ತದೆ. ಕೈ ಎತ್ತಿದರೆ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಬೇರೆಯವರು ಹೋಗಲಿ. ಮಗಳಿಗೆ ತೆರೆಯದ ಬಾಯಿ ಮೊಮ್ಮಗನಿಗೆ ತೆರೆದದ್ದು ಎಷ್ಟೋ ಸಲ ನೋಡಿದ್ದೇನೆ. ಹೋಂ ನರ್ಸ್ ಬೇರೆ ಜಿಲ್ಲೆಯವರಾಗಿದ್ದು ಮಲಯಾಳ ಮಾತ್ರ ಬರುತ್ತಿದ್ದರೆ, ಅಜ್ಜಿಯ ಮನೆಮಾತಿನ ನಾಲ್ಕು ಮಾತು ಕಲಿಸಿಕೊಡಿ. ತುಳುವಾಗಲಿ, ಹವ್ಯಕ ಕನ್ನಡವಾಗಲಿ, ಕರಾಡವಾಗಲಿ, ಬಾಲ್ಯದ ಭಾಷೆ ಕೊನೆಯವರೆಗೆ ಉಳಿಯುವುದು ಜಾಸ್ತಿ.

ಇನ್ನು ಉಜ್ಜುವ ಕ್ರಮ. ಬೆನ್ನು ನೇರ, ಗಲ್ಲ ಸ್ವಲ್ಪ ಕೆಳಗೆ. ತಲೆ ಹಿಂದಕ್ಕೆ ಬಾಗಿಸಿದರೆ ನೀರು ಶ್ವಾಸಕ್ಕೆ ಹೋಗುತ್ತದೆ. ಮಕ್ಕಳ ಮೆತ್ತನೆ ಬ್ರಷ್ ಒಳ್ಳೆಯದು, ತಲೆ ಚಿಕ್ಕದಿರುತ್ತದೆ. ಪೇಸ್ಟ್ ಬಟಾಣಿಯಷ್ಟು ಸಾಕು. ಉಗುಳಲು ಬಾರದವರಿಗೆ ಬ್ರಷ್‌ನ ಮೇಲೆ ತೆಳ್ಳಗೆ ಸವರಿದರೆ ಸಾಕು, ನೊರೆ ಕಮ್ಮಿ ಬರುವ ಪೇಸ್ಟ್ ಆದರೆ ಇನ್ನೂ ಒಳ್ಳೆಯದು. ಆಮೇಲೆ ಒದ್ದೆ ಗಾಸ್ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಟ್ಯೂಬಿನ ಮೇಲೆ ಫ್ಲೋರೈಡ್ ಇದೆಯಾ ಓದಿ. ನಮ್ಮಲ್ಲಿ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮಿತಿ, ಅದಕ್ಕೆ ಹತ್ತಿರದ್ದು ಬೇಕು. ಗಿಡಮೂಲಿಕೆಯ ಪೇಸ್ಟ್ ಎಷ್ಟೋ ಇವೆ, ಹಲವದರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ.

ಬೆರಳನ್ನು ಹಲ್ಲುಗಳ ನಡುವೆ ಇಡಲೇಬೇಡಿ. ತುಟಿಯ ಮೂಲೆಯಿಂದ ಕೆನ್ನೆಯ ಒಳಗೆ, ಹಲ್ಲಿನ ಹೊರಬದಿಯಲ್ಲಿ ಜಾರಿಸಿ ಕೆನ್ನೆ ಎತ್ತಿ. ಕಚ್ಚುವವರಿದ್ದರೆ ಎರಡು ಬ್ರಷ್ ತಗೊಳ್ಳಿ. ಒಂದನ್ನು ಅವರು ಕಚ್ಚಿಕೊಂಡಿರಲಿ, ಇನ್ನೊಂದರಲ್ಲಿ ನೀವು ಉಜ್ಜಿ. ಹಾಗೆ ಕೆನ್ನೆ ಎತ್ತಿದಾಗ ಏನೇನು ಸಿಗುತ್ತದೆ ಅಂತೀರಿ! ನಿನ್ನೆಯ ಅನ್ನ, ಉಪ್ಪಿನಕಾಯಿಯ ಚೂರು, ಮಧ್ಯಾಹ್ನದ ಮಾತ್ರೆ. ನುಂಗುವುದೇ ಮರೆತುಹೋಗಿ ಅಲ್ಲೇ ಕೂಡಿಟ್ಟಿರುತ್ತಾರೆ. ಪ್ರತಿ ಊಟದ ನಂತರ ಆ ಸಂದು ನೋಡುವುದು ಬ್ರಷ್‌ಗಿಂತಲೂ ಮುಖ್ಯ ಅನ್ನಿಸುತ್ತದೆ ನನಗೆ.

ರಾತ್ರಿ ಉಜ್ಜಬೇಕು ಅಂತ ನಾವು ಎಲ್ಲರಿಗೂ ಹೇಳುತ್ತೇವೆ. ಡಿಮೆನ್ಷಿಯಾದಲ್ಲಿ ಹಲವರಿಗೆ ಸಂಜೆಯಾದರೆ ಗಲಿಬಿಲಿ ಏರುತ್ತದೆ. ಆಗ ಜಗಳ ಯಾಕೆ? ನಾಲ್ಕು ಗಂಟೆಯ ಚಾಯ ಆದ ಮೇಲೆ ಉಜ್ಜಿಸಿ. ರಾತ್ರಿ ಊಟದ ನಂತರ ಕೆನ್ನೆ ಒರೆಸಿ, ಆಮೇಲೆ ನೀರು ಮಾತ್ರ. ಸಿಹಿ ಬೇಡ.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ಜಪಾನಿನ ಒಂದು ಅಧ್ಯಯನ ಹೇಳುತ್ತೇನೆ. ಯೊನೆಯಾಮಾ ಮತ್ತು ಸಂಗಡಿಗರು ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನೋಡಿ 2002ರಲ್ಲಿ ಪ್ರಕಟಿಸಿದ್ದು. ಬಾಯಿಯ ಆರೈಕೆ ಸಿಕ್ಕ 184 ಜನರಲ್ಲಿ 21 ಮಂದಿಗೆ ನ್ಯುಮೋನಿಯಾ ಬಂತು. ಸಿಗದ 182 ಜನರಲ್ಲಿ 34 ಮಂದಿಗೆ. ಬಾಯಿಯ ಕೊಳೆಯಲ್ಲಿರುವ ರೋಗಾಣು ಉಗುಳಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ನಮ್ಮ ಊರಿನದ್ದೇ ಎರಡು ತೊಂದರೆ ಇವೆ. ಒಂದು ಬೆಲ್ಲ. ಬಂದವರಿಗೆ ಬೆಲ್ಲ ನೀರು ಕೊಡುವ ಮನೆಗಳಲ್ಲಿ ಡಬ್ಬ ಕೈಗೆ ಸಿಗುವಂತೆ ಇರುತ್ತದೆ. ಈ ಕಾಯಿಲೆಯಲ್ಲಿ ಸಿಹಿಯ ಆಸೆ ಹೆಚ್ಚುವುದೂ ಇದೆ. ಒಸಡು ಇಳಿದು ಬೇರು ಹೊರಬಿದ್ದ ಹಲ್ಲಿಗೆ ದಿನವಿಡೀ ಬೆಲ್ಲ ತಾಗಿದರೆ ಬುಡದಲ್ಲೇ ಹುಳುಕು ಸುತ್ತಿಬಿಡುತ್ತದೆ. ಪೂರ್ತಿ ನಿಲ್ಲಿಸಿ ಅನ್ನುವುದಿಲ್ಲ ನಾನು, ಊಟದ ಜೊತೆಗೇ ಕೊಡಿ ಅನ್ನುತ್ತೇನೆ.

ಇನ್ನೊಂದು ಎಲೆಅಡಿಕೆ. ಅಡಿಕೆ ಮಾರಿದ ದುಡ್ಡಲ್ಲೇ ಓದಿದ ನಾನು ಇದನ್ನು ಹೇಳಲು ಸ್ವಲ್ಪ ಮುಜುಗರ. ಆದರೆ ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಜಗಿದರೆ ಬಾಯಿಯ ಕ್ಯಾನ್ಸರ್ ಬರಬಹುದು ಅನ್ನುವುದು ಖಾತ್ರಿಯಾದ ವಿಷಯ. ಮರೆವಿನವರು ಜಗಿದದ್ದನ್ನು ಕೆನ್ನೆಯಲ್ಲೇ ಇಟ್ಟು ಮಲಗುತ್ತಾರೆ, ಅದು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಒಮ್ಮೆಗೇ ಕಸಿದುಕೊಂಡರೆ ಮನೆ ರಣರಂಗ. ನಾವು ಒಂದು ಮನೆಯಲ್ಲಿ ಅಡಿಕೆ, ಹೊಗೆಸೊಪ್ಪು ತೆಗೆದು ಬರೀ ಎಲೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಕೊಟ್ಟೆವು, ಕೂತಿದ್ದಾಗ, ಒಬ್ಬರ ಕಣ್ಣೆದುರು. ಅಜ್ಜಿಗೆ ಕುಟ್ಟಾಣಿಯ ಸದ್ದೇ ಅರ್ಧ ಸಮಾಧಾನ. ಜಗಿಯುತ್ತಿದ್ದವರ ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಕಲೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ ಕಾಯಬೇಡಿ.

ಬಾಯಿ ಒಣಗುವುದಕ್ಕೆ ಮಾತ್ರೆಗಳೂ ಕಾರಣ. ಖಿನ್ನತೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ಅಲರ್ಜಿಯ ಮಾತ್ರೆ, ಇವೆಲ್ಲ ಉಗುಳು ಬತ್ತಿಸುತ್ತವೆ. ಮಾತ್ರೆಯ ಚೀಟಿ ಹಿಡಿದು ಡಾಕ್ಟರ ಹತ್ತಿರ ಕೇಳಿ, ನೀವಾಗಿ ನಿಲ್ಲಿಸಬೇಡಿ.

ಮನೆಯಲ್ಲಿ ನಾನು ಮಾಡುವ ಚಿಕಿತ್ಸೆ ಸಣ್ಣದು. ಹುಳುಕಿಗೆ ಶೇಕಡಾ 38ರ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವ ಹಚ್ಚುತ್ತೇನೆ. ಒಂದು ಹನಿ, ಸೂಜಿ ಇಲ್ಲ, ಡ್ರಿಲ್ ಇಲ್ಲ. ಹುಳುಕು ಅಲ್ಲೇ ನಿಲ್ಲುವ ಸಾಧ್ಯತೆ ಒಳ್ಳೆಯದಿದೆ, ಆದರೆ ಜಾಗ ಕಪ್ಪಾಗುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ಮಕ್ಕಳು ಗಾಬರಿಯಾಗುತ್ತಾರೆ. ದೊಡ್ಡ ಗುಂಡಿಯಾದರೆ ಕೈ ಉಪಕರಣದಲ್ಲೇ ಕೆರೆದು ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟ್ ತುಂಬುತ್ತೇನೆ. ಕೀಳುವುದಿದ್ದರೆ ರಕ್ತ ತೆಳ್ಳಗಾಗುವ ಮಾತ್ರೆ, ಮೂಳೆ ಸವೆತದ ಮಾತ್ರೆ ಇದೆಯಾ ಅಂತ ನೋಡದೆ ಮುಟ್ಟುವುದಿಲ್ಲ. ನಿಜ ಹೇಳಬೇಕೆಂದರೆ ರೂಟ್ ಕೆನಾಲ್, ಕ್ಯಾಪ್, ಎಲ್ಲ ಕಾಯಿಲೆ ಗೊತ್ತಾದ ಹೊಸದರಲ್ಲೇ ಮುಗಿಸಿಕೊಳ್ಳಬೇಕು. ಆಗ ಅವರು ಬಾಯಿ ತೆರೆದು ಕೂರುತ್ತಾರೆ. ನರರೋಗದ ಡಾಕ್ಟರನ್ನು ನೋಡಲು ಮಂಗಳೂರಿಗೆ ಹೋಗುವವರು ಅದೇ ದಿನ ಹಲ್ಲನ್ನೂ ತೋರಿಸಿ ಬಂದರೆ ಒಳ್ಳೆಯದು.

ಕೊನೆಗೆ ಸೆಟ್ಟಿನ ವಿಷಯ. ರಾತ್ರಿ ತೆಗೆದು ನೀರಲ್ಲಿಡಿ. ಬಿಸಿ ನೀರು ಬೇಡ, ಸೊಟ್ಟಾಗುತ್ತದೆ. ಪೇಸ್ಟ್ ಬೇಡ, ಗೀರು ಬೀಳುತ್ತದೆ, ಸಾಬೂನು ಸಾಕು. ಕೆಳಗೆ ನೀರಿನ ಬೇಸಿನ್ ಇಟ್ಟು ತೊಳೆದರೆ ಕೈಜಾರಿದರೂ ಒಡೆಯುವುದಿಲ್ಲ. ಅಂಗಳು (ಬಾಯಿಯ ಒಳಗಿನ ಮೇಲ್ಭಾಗ) ಕೆಂಪಾಗಿದ್ದರೆ ಫಂಗಸ್ ಇರಬಹುದು. ಅದಕ್ಕೆ ಮೈಕೊನಜೋಲ್ ಜೆಲ್ ಅಂಗಡಿಯಿಂದ ತಂದು ಹಚ್ಚುವವರಿದ್ದಾರೆ. ರಕ್ತ ತೆಳ್ಳಗಾಗುವ ವಾರ್ಫರಿನ್ ಮಾತ್ರೆ ತಗೊಳ್ಳುವವರಿಗೆ ಅದು ಅಪಾಯ, ರಕ್ತಸ್ರಾವ ಆಗಬಹುದು.

ಬಡ ಹಿರಿಯರಿಗೆ ಸರ್ಕಾರ 'ಮಂದಹಾಸಂ' ಯೋಜನೆಯಲ್ಲಿ ಸೆಟ್ ಉಚಿತ ಕೊಡುತ್ತದೆ. ಒಳ್ಳೆಯ ಯೋಜನೆಯೇ. ಆದರೆ ಕಾಯಿಲೆ ಮುಂದುವರಿದವರಿಗೆ ಹೊಸ ಸೆಟ್ ಮಾಡಿಸಲು ನಾನು ಅವಸರ ಮಾಡುವುದಿಲ್ಲ. ಹೊಸದಕ್ಕೆ ನಾಲಿಗೆ, ಕೆನ್ನೆ ಹೊಂದಿಕೊಳ್ಳಲು ಕಲಿಯಬೇಕು, ಅದು ಅವರಿಂದ ಆಗುವುದಿಲ್ಲ. ಹಳೆಯದನ್ನೇ ಒಳಗಿನಿಂದ ಸರಿಮಾಡುವುದು, ಅದರದ್ದೇ ನಕಲು ತೆಗೆಯುವುದು ಹೆಚ್ಚು ಉಪಯೋಗ. ಒಳಬದಿಯಲ್ಲಿ ಹೆಸರೂ ಬರೆಸಿಕೊಳ್ಳಿ. ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ಸೆಟ್ ಹಾಕಿಕೊಂಡು ಮನೆಗೆ ಬಂದ ಅಜ್ಜಿಯೊಬ್ಬರನ್ನು ನಾನು ಕಂಡಿದ್ದೇನೆ. ಊಟ ಬಿಟ್ಟಾಗಲೇ ಮನೆಯವರಿಗೆ ಅದು ಗೊತ್ತಾದದ್ದು.