ಕಾಯಿಲ್ ಕೊಳ್ಳುವ ಮುನ್ನ ಪ್ಲಗ್ ಬಿಚ್ಚಿ ನೋಡಿ

ಕಳೆದ ಆಷಾಢದ ಮಳೆಗೆ ನಮ್ಮ ಮನೆಯ ಮಾರುತಿ 800 ಬೆಳಗಿನ ಹೊತ್ತು ಸ್ಟಾರ್ಟ್ ಆಗುವುದನ್ನೇ ಬಿಟ್ಟಿತು. 1996ರ ಕಾರ್ಬ್ಯುರೇಟರ್ ಗಾಡಿ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಕಾಯಿಲ್ (ಪ್ಲಗ್ಗಿನ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಸುರುಳಿ) ಹೋಗಿದೆ ಎಂದು ಹೊಸದು ಹಾಕಿಕೊಟ್ಟರು. ನಾಲ್ಕು ದಿನ ಬಿಸಿಲು ಬಿತ್ತು, ಗಾಡಿ ಓಡಿತು. ಮತ್ತೆ ಮಳೆ ಹಿಡಿದ ದಿನ ಅದೇ ಪಾಡು. ಕೊನೆಗೆ ಸಿಕ್ಕಿದ್ದು ಡೆಲ್ಕೊ (ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್) ಕ್ಯಾಪಿನ ಒಳಗೆ ಕೂದಲೆಳೆಯಷ್ಟು ಬಿರುಕು. ಹಳೆಯ ಕಾಯಿಲ್ ಚೆನ್ನಾಗಿಯೇ ಇತ್ತು.

ಆಮೇಲಿಂದ ನಾನು ತಪ್ಪದೆ ಪಾಲಿಸುವ ಕ್ರಮ ಒಂದಿದೆ: ಮೊದಲು ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ನಂತರ ಪ್ಲಗ್ ವೈರ್, ನಂತರ ಡೆಲ್ಕೊ, ಕಟ್ಟಕಡೆಗೆ ಕಾಯಿಲ್. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಅದು ನಡುವಿನ ದಪ್ಪ ವೈರಿನಲ್ಲಿ ಡೆಲ್ಕೊಗೆ ಬರುತ್ತದೆ. ಅಲ್ಲಿ ತಿರುಗುವ ರೋಟರ್ 1-3-2ರ ಸರದಿಯಲ್ಲಿ ಮೂರು ಪ್ಲಗ್‌ಗಳಿಗೆ ಹಂಚುತ್ತದೆ. ಹಾಗಾಗಿ ಕಾಯಿಲ್ ಕೆಟ್ಟರೆ ಮೂರೂ ಸಿಲಿಂಡರ್‌ಗೆ ಪೆಟ್ಟು. ಒಂದು ಪ್ಲಗ್ಗೋ ಅದರ ವೈರೋ ಕೆಟ್ಟರೆ ಒಂದಕ್ಕೆ ಮಾತ್ರ. ಗಾಡಿ ನಡುಗುತ್ತಾ, ಪಿಕಪ್ ಇಲ್ಲದೆ, ಆದರೂ ಓಡುತ್ತದೆ. ಬಾನೆಟ್ ಎತ್ತುವ ಮೊದಲೇ ಈ ವ್ಯತ್ಯಾಸ ಗಮನಿಸಿದರೆ ಅರ್ಧ ಹುಡುಕಾಟ ಮುಗಿದಂತೆ.

ಬೇಕಾದ ಸಾಮಾನು: ಒಳಗೆ ರಬ್ಬರ್ ಇರುವ 21 ನಂಬರಿನ ಪ್ಲಗ್ ಸ್ಪಾನರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಮಲ್ಟಿಮೀಟರ್, ಒಂದು ಗೇಣು ಪೆಟ್ರೋಲ್ ಪೈಪಿನ ತುಂಡು.

ಪ್ಲಗ್ ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಇದರಲ್ಲಿ ಅವಸರ ಕೂಡದು. ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಮ್ಮಿನದು; ಬಿಸಿಯಲ್ಲಿ ತಿರುಗಿಸಿದರೆ ಪ್ಲಗ್ ಜೊತೆಗೆ ಹೆಡ್ಡಿನ ಮರೆಯೂ (ಸ್ಕ್ರೂ ಸುತ್ತುಗಳೂ) ಕಿತ್ತು ಬರಬಹುದು. ಬ್ಯಾಟರಿಯ ನೆಗೆಟಿವ್ ಕಳಚಿ. ವೈರನ್ನು ಎಳೆಯಬೇಡಿ, ತುದಿಯ ರಬ್ಬರ್ ಟೋಪಿಯನ್ನು ಹಿಡಿದು ಸ್ವಲ್ಪ ತಿರುಚಿ ಕೀಳಿ. ಪ್ಲಗ್ಗಿನ ಸುತ್ತ ಕೂತ ದೂಳನ್ನು ಸೈಕಲ್ ಪಂಪಿನಿಂದ ಊದಿ, ಇಲ್ಲದಿದ್ದರೆ ಬಿಚ್ಚಿದ ಕೂಡಲೇ ಅದು ಸಿಲಿಂಡರಿಗೆ ಬೀಳುತ್ತದೆ.

ಒಂದನ್ನು ಬಿಚ್ಚಿ, ನೋಡಿ, ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ. ಆಗ ವೈರುಗಳು ಅದಲುಬದಲಾಗುವ ಭಯವಿಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಕೆಂದಿದ್ದರೆ ವೈರುಗಳಿಗೂ ಪ್ಲಗ್‌ಗಳಿಗೂ ಚೀಟಿ ಅಂಟಿಸಿ ನಂಬರ್ ಬರೆಯಿರಿ. ನಾನು ಹೋಲಿಸಿಯೇ ನೋಡುತ್ತೇನೆ. ಒಂಟಿ ಪ್ಲಗ್ ಹೇಳದ್ದನ್ನು ಮೂರು ಸೇರಿ ಹೇಳುತ್ತವೆ.

ತುದಿಯ ಪಿಂಗಾಣಿ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕಿದ್ದರೆ ಎಲ್ಲವೂ ಸರಿ. ಒಣಗಿದ ಕಾಡಿಗೆಯಂಥ ಕಪ್ಪಾದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ: ಚೋಕ್ ಸಿಕ್ಕಿಕೊಂಡಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ಜಿಡ್ಡುಜಿಡ್ಡಾದ ಕಪ್ಪಾದರೆ ಎಂಜಿನ್ ಆಯಿಲ್ ಮೇಲೆ ಬರುತ್ತಿದೆ, ಅದು ರಿಂಗ್ ಅಥವಾ ವಾಲ್ವ್ ಸೀಲಿನ ಕೆಲಸ. ಹೊಸ ಪ್ಲಗ್ ಹಾಕಿದರೂ ಕೆಲವೇ ದಿನದಲ್ಲಿ ಹಾಗೇ ಆಗುತ್ತದೆ. ಸುಣ್ಣದಂತೆ ಬಿಳಿಚಿ ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ, ಇಲ್ಲವೇ ಪ್ಲಗ್ಗಿನ ನಂಬರೇ ತಪ್ಪು, ಅಂದರೆ ಈ ಗಾಡಿಗೆ ಹೊಂದುವ ಪ್ಲಗ್ ಅಲ್ಲ. ಎರಡು ಪ್ಲಗ್ ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಆ ಸಿಲಿಂಡರಿಗೆ ರೇಡಿಯೇಟರ್ ನೀರು ಇಳಿಯುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ.

ಹೊಸದು ಹಾಕುವುದು

ಸಾಧಾರಣ ನಿಕ್ಕಲ್ ಪ್ಲಗ್‌ಗಳನ್ನು 15ರಿಂದ 20 ಸಾವಿರ ಕಿ.ಮೀ.ಗೊಮ್ಮೆ ಮೂರನ್ನೂ ಸೇರಿಸಿ ಬದಲಿಸುವುದು ಲೇಸು. 2014ರಲ್ಲಿ ಈ ಕಾರಿನ ತಯಾರಿಕೆ ನಿಂತಿದ್ದರೂ ಪ್ಲಗ್ ಸಿಗುವುದಕ್ಕೆ ತೊಂದರೆಯಿಲ್ಲ. ಅಂಗಡಿಗೆ ಹಳೆಯದನ್ನೇ ಒಯ್ದು ಅದರ ಮೇಲಿನ ನಂಬರ್ ತೋರಿಸಿ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೊ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಹಳೆಯ ಮೆಕ್ಯಾನಿಕ್ ‘ಮೈಕೊ ಪ್ಲಗ್ ತನ್ನಿ’ ಎಂದರೆ ಗಲಿಬಿಲಿ ಬೇಡ.

ಡಬ್ಬಿಯಿಂದ ತೆಗೆದ ಪ್ಲಗ್ಗಿನ ಗ್ಯಾಪ್ (ಕಿಡಿ ಹಾರುವ ಸಂದು) ಸರಿಯಾಗಿದೆಯೆಂದು ನಂಬಬೇಡಿ, ಅಳೆಯಿರಿ. ಪಾಯಿಂಟ್ (ಡೆಲ್ಕೊ ಒಳಗೆ ತೆರೆದು ಮುಚ್ಚಿ ಕಾಯಿಲ್ಲಿನ ಕರೆಂಟು ಕಡಿಯುವ ಸ್ವಿಚ್) ಇರುವ ಗಾಡಿಗೆ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ., ಎಲೆಕ್ಟ್ರಾನಿಕ್ ಇಗ್ನಿಷನ್ನಿಗೆ 1 ಮಿ.ಮೀ. ಆಸುಪಾಸು, ನಿಮ್ಮ ಗಾಡಿಯ ಪುಸ್ತಕದ ಅಳತೆಯೇ ಅಂತಿಮ. ಹೊರಗಿನ ಕೊಕ್ಕೆಯನ್ನು ಮಾತ್ರ ಬಗ್ಗಿಸಬೇಕು, ನಡುವಿನ ಕಡ್ಡಿಯನ್ನು ಮುಟ್ಟಬಾರದು.

ಪ್ಲಗ್ಗಿನ ತಲೆಗೆ ಆ ಪೆಟ್ರೋಲ್ ಪೈಪಿನ ತುಂಡು ಸಿಕ್ಕಿಸಿ, ಪೈಪಿನಿಂದಲೇ ತಿರುಗಿಸಿ ಕೂರಿಸಿ. ಮರೆ ಓರೆಯಾಗಿ ಹಿಡಿದರೆ ಪೈಪ್ ಜಾರುತ್ತದೆಯೇ ಹೊರತು ಹೆಡ್ ಹಾಳಾಗುವುದಿಲ್ಲ. ನನಗೆ ಗೊತ್ತಿರುವ ಉಪಾಯಗಳಲ್ಲಿ ಇದಕ್ಕಿಂತ ಅಗ್ಗವಾದದ್ದು, ಬೆಲೆಬಾಳುವಂಥದ್ದು ಬೇರಿಲ್ಲ. ಕೈಯಲ್ಲಿ ಪೂರ್ತಿ ಕೂತ ಮೇಲೆ ಸ್ಪಾನರಿನಲ್ಲಿ ಇನ್ನು ಅರ್ಧ ಸುತ್ತು, ಹೆಚ್ಚೆಂದರೆ ಮೂರನೇ ಎರಡು ಸುತ್ತು ಬಿಗಿಸಿ. ಹಳೆಯ ಪ್ಲಗ್ಗನ್ನೇ ಮರಳಿ ಹಾಕುವುದಾದರೆ ಅದರ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಎಂಟನೇ ಒಂದು ಸುತ್ತು ಸಾಕು.

ವೈರ್ ಮತ್ತು ಡೆಲ್ಕೊ

ರಾತ್ರಿ ದೀಪ ಆರಿಸಿ, ಬಯಲಿನಲ್ಲಿ ಗಾಡಿ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ ನೋಡಿ. ಸೋರುವ ವೈರಿನ ಮೈಮೇಲೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಕಾಣದಿದ್ದರೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಒಂದೊಂದೇ ವೈರಿನ ಮೇಲೆ ತುಸುವೇ ಸಿಂಪಡಿಸಿ; ಎಂಜಿನ್ ಎಲ್ಲಿ ಮುಗ್ಗರಿಸುತ್ತದೋ ಅಲ್ಲಿದೆ ದೋಷ. ಆ ಹೊತ್ತಿನಲ್ಲಿ ವೈರುಗಳನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ.

ಎಂಜಿನ್ ನಿಲ್ಲಿಸಿ ಡೆಲ್ಕೊ ಕ್ಯಾಪ್ ತೆಗೆಯಿರಿ. ಬಿಸಿಲಿಗೆ ಹಿಡಿದು ಒಳಗೆ ನೋಡಿ: ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಗೆರೆ ಕಂಡರೆ ಕರೆಂಟು ಅಲ್ಲಿ ಹರಿದು ಪೋಲಾಗುತ್ತಿದೆ, ಕ್ಯಾಪ್ ಬದಲಿಸಿ. ನಡುವಿನ ಕಾರ್ಬನ್ ಗುಂಡಿ ಸ್ಪ್ರಿಂಗಿನ ಮೇಲೆ ಒತ್ತಿದರೆ ಪುಟಿಯಬೇಕು. ಬರೀ ತೇವವಾದರೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಎಷ್ಟೋ ಗಾಡಿಗಳ ಬೆಳಗಿನ ಮೊಂಡುತನಕ್ಕೆ ಇಷ್ಟೇ ಮದ್ದು.

ಈಗ ಕಾಯಿಲ್

ಕಾಯಿಲ್ಲಿನ ವೈರುಗಳನ್ನೆಲ್ಲ ಕಳಚಿ. ಪ್ಲಸ್ ಮತ್ತು ಮೈನಸ್ ನಡುವೆ ಮಲ್ಟಿಮೀಟರ್ ಸಾಮಾನ್ಯವಾಗಿ 1ರಿಂದ 3 ಓಮ್ ತೋರಿಸಬೇಕು. ಪ್ಲಸ್ಸಿಗೂ ನಡುವಿನ ದಪ್ಪ ವೈರ್ ಕೂರುವ ಗುಂಡಿಗೂ ನಡುವೆ ಸುಮಾರು 6ರಿಂದ 15 ಸಾವಿರ ಓಮ್. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ, ಸೊನ್ನೆಯಾದರೆ ಶಾರ್ಟ್ ಆಗಿದೆ.

ಆದರೆ ತಣ್ಣಗಿದ್ದಾಗ ಪಾಸಾದ ಕಾಯಿಲ್ ಕಾದ ಮೇಲೆ ಕೈಕೊಡಬಹುದು. ಅರ್ಧ ಗಂಟೆ ಚೆನ್ನಾಗಿ ಓಡಿ ತಟ್ಟನೆ ನಿಂತು, ಆರಿದ ಮೇಲೆ ಏನೂ ಆಗದವರಂತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕಾಯಿಲ್ ಮೇಲೆ ಅನುಮಾನ ಪಡಲೇಬೇಕು. ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿದರೂ ಹೀಗೇ ಆಗುತ್ತದೆ. ಹಾಗಾಗಿ ನಿಂತ ಜಾಗದಲ್ಲೇ ಪರೀಕ್ಷಿಸಿ: ಜೊತೆಗಿಟ್ಟುಕೊಂಡ ಪ್ಲಗ್ಗಿಗೆ ಒಂದು ವೈರ್ ಸಿಕ್ಕಿಸಿ, ಅದರ ಲೋಹದ ಮೈಯನ್ನು ಕಾರ್ಬ್ಯುರೇಟರಿನಿಂದ ದೂರದಲ್ಲಿ ಎಂಜಿನ್ನಿಗೆ ತಂತಿಯಿಂದ ಕಟ್ಟಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಚಟಚಟ ಸದ್ದಿನ ನೀಲಿ ಕಿಡಿ ಬಂದರೆ ಕಾಯಿಲ್ ಸರಿ, ಪೆಟ್ರೋಲ್ ಕಡೆ ನೋಡಿ. ಬಡಕಲು ಹಳದಿ ಕಿಡಿ ಬಂದರೆ, ಇಲ್ಲವೇ ಕಿಡಿಯೇ ಬಾರದಿದ್ದರೆ, ಆಗ ಕಾಯಿಲ್ ಕೊಳ್ಳಿ.

ಹೊಸ ಕಾಯಿಲ್ ಹಳೆಯದರಷ್ಟೇ ಓಮ್ ಇರಬೇಕು. ವೈರ್ ಕಳಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಪ್ಲಸ್ ಮೈನಸ್ ತಿರುವುಮುರುವಾದರೂ ಗಾಡಿ ಓಡುತ್ತದೆ, ಆದರೆ ಕಿಡಿಯ ಬಲ ಕುಗ್ಗುತ್ತದೆ, ಕಾರಣ ತಿಂಗಳುಗಟ್ಟಲೆ ಹೊಳೆಯುವುದಿಲ್ಲ. ಪಾಯಿಂಟ್ ಇರುವ ಗಾಡಿಯಾದರೆ ಎಂಜಿನ್ ನಿಲ್ಲಿಸಿ ಕೀ ಆನ್‌ನಲ್ಲೇ ಬಿಟ್ಟು ಹಾಡು ಕೇಳುತ್ತಾ ಕೂರಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಕಾಯಿಲ್ ಕಾದು ಸುಡುತ್ತದೆ.